ರಾಯಭಾರಿ ಮತ್ತು ಬಾಲವಿದ್ದ ರಂಗೋಲಿ

ಕಾಮಗೆರೆಯ ಆಸ್ಪತ್ರೆಯಿಂದ ಡಾಕ್ಟರು ಫೋನ್ ಮಾಡಿದ್ದು ಒಂದು ಸೋಮವಾರ ಬೆಳಿಗ್ಗೆ. ಹನೂರಿನಾಚೆಯ ಹಳ್ಳಿಯೊಂದರಿಂದ ಹೆಂಗಸೊಬ್ಬರನ್ನು ಕರೆತಂದಿದ್ದರು. ಬಲಗೈಯ ತೋರುಬೆರಳು ಬುಡದವರೆಗೆ ಹೋಗಿತ್ತು, ನಡುಬೆರಳು ಅರ್ಧ ಹೋಗಿತ್ತು. ಪಟಾಕಿ ಸಿಡಿಯಿತೆಂದು ಜೊತೆಗೆ ಬಂದವರು ಹೇಳಿದ್ದರಂತೆ. "ಪಟಾಕಿಯೊಳಗೆ ಲೋಹದ ಕೊಳವೆ ಇರೋದಿಲ್ಲವಲ್ಲ. ಅಂಗೈಯಿಂದ ನಾಲ್ಕು ಚೂರು ತೆಗೆದಿದ್ದೀನಿ. ನೀವೇ ಬಂದು ನೋಡಿ," ಎಂದರು ಡಾಕ್ಟರು.

ನಾನು ಜಿಲ್ಲೆಯ ಬಾಂಬ್ ನಿಷ್ಕ್ರಿಯ ದಳದಲ್ಲಿ ಎಎಸ್‌ಐ. ಸ್ಟೀಲ್ ಬಟ್ಟಲಿನಲ್ಲಿದ್ದ ಚೂರುಗಳನ್ನು ನೋಡಿದ ಕೂಡಲೇ ಅವು ಏನೆಂದು ತಿಳಿಯಿತು. ಕಲ್ಲು ಕ್ವಾರಿಯವರು ಅದಕ್ಕೆ ಕೇಪು ಎನ್ನುತ್ತಾರೆ, ನಾವು ಡಿಟೋನೇಟರ್ ಎನ್ನುತ್ತೇವೆ. ಬೀಡಿಯಷ್ಟು ಉದ್ದದ ಬೆಳ್ಳಿ ಬಣ್ಣದ ಕೊಳವೆ, ಅದರ ಹಿಂದೆ ಎರಡು ಬಣ್ಣದ ವೈರು. ಬಂಡೆಯೊಳಗೆ ತುಂಬಿದ ಮದ್ದನ್ನು ಎಬ್ಬಿಸುವುದು ಅದೇ. ಬೆರಳುಗಳ ನಡುವೆ ಸಿಡಿದರೆ ಬೆರಳು ಉಳಿಯುವುದಿಲ್ಲ.

"ಏನಮ್ಮ ಮಾಡ್ತಿದ್ರಿ?" ಎಂದು ಕೇಳಿದೆ.

ಆಕೆ ಗೋಡೆಯ ಕಡೆ ತಿರುಗಿ ಮಲಗಿದರು. "ಪಟಾಕಿ ಸಾ."

"ಯಾವ ಹಬ್ಬಕ್ಕೆ?"

ಕೇಳುವ ರೀತಿ ಒರಟಾಗಿತ್ತು. ನನ್ನ ಬಾಯಿಯೇ ಹಾಗೆ, ಮನೆಯವಳೂ ಅದನ್ನೇ ಹೇಳುತ್ತಾಳೆ. ಆಕೆ ಹೊದಿಕೆಯನ್ನು ತಲೆಯವರೆಗೆ ಎಳೆದುಕೊಂಡರು.

ಹಳ್ಳಿಗೆ ಹೋದಾಗ ವಿಷಯ ಅರ್ಧ ಗಂಟೆಯಲ್ಲಿ ಅರ್ಥವಾಯಿತು. ಹನೂರಿನಿಂದ ಒಡೆಯರಪಾಳ್ಯದ ಕಡೆ ಹೋಗುವ ರಸ್ತೆಯಿಂದ ಒಳಗೆ, ಮೂವತ್ತು ಚಿಲ್ಲರೆ ಮನೆಗಳ ಊರು. ಊರ ಬೆನ್ನಿಗೆ ಒಂದು ಸಣ್ಣ ಕ್ವಾರಿ. ಅದನ್ನು ನಡೆಸುತ್ತಿದ್ದವನು ಕೊನೆಯ ಸ್ಫೋಟ ಮಾಡಿ, ಸಿಡಿಯದೆ ಉಳಿದದ್ದನ್ನು ಹುಡುಕಿ ತೆಗೆಯದೆ, ಯಂತ್ರ ಸಾಗಿಸಿಕೊಂಡು ಹೋಗಿಬಿಟ್ಟಿದ್ದ. ಊರಿನ ಹೆಂಗಸರು ಕಲ್ಲುರಾಶಿಯಿಂದ ಕೆಂಪು, ಹಳದಿ, ನೀಲಿ ವೈರುಗಳನ್ನು ಎಳೆದು ತಂದು ಬುಟ್ಟಿ ಹೆಣೆಯುತ್ತಿದ್ದರು. ಪ್ರತಿ ಮನೆಯ ಗೂಟದಲ್ಲೂ ಒಂದೊಂದು ವೈರ್ ಬುಟ್ಟಿ ತೂಗುತ್ತಿತ್ತು. ಹೆಣಿಗೆ ಎಷ್ಟು ಬಿಗಿಯಾಗಿತ್ತೆಂದರೆ ಮಗ್ಗದ ಮನೆಯಲ್ಲಿ ಹುಟ್ಟಿದ ನಾನೇ ಮುಟ್ಟಿ ನೋಡಬೇಕೆಂದು ಕೈ ಚಾಚಿ ಹಿಂದೆಗೆದುಕೊಂಡೆ.

ಸಿಡಿದ ಕೇಪಿನ ವೈರಿಗೆ ತುದಿಯಲ್ಲಿ ಕೊಳವೆ ಉಳಿದಿರುವುದಿಲ್ಲ. ಕೊಳವೆ ಇದೆಯೆಂದರೆ ಅದು ಇನ್ನೂ ಜೀವಂತ. ಒಬ್ಬರ ಕೈಗೆ ಒಂದು ಸಿಕ್ಕಿದ್ದರೆ ಉಳಿದವರ ಕಂತೆಗಳಲ್ಲೂ ಇರಲೇಬೇಕು. ಅವು ಸಿಗುವವರೆಗೆ ಆ ಊರಿನ ಯಾವ ಹೆಂಗಸಿನ ಕೈಯೂ ಕ್ಷೇಮವಲ್ಲ.

ಆ ಮಧ್ಯಾಹ್ನ ನಾನು ಮಾಡಿದ ಕೆಲಸವನ್ನು ಈಗ ಬರೆಯಲು ನಾಚಿಕೆಯಾಗುತ್ತದೆ. ಜೀಪಿನ ಮೈಕ್ ಹಿಡಿದು, ಊರಿನ ನಡುವೆ ನಿಂತು, ಸ್ಫೋಟಕ ಇಟ್ಟುಕೊಂಡವರು ಕೂಡಲೇ ಒಪ್ಪಿಸಬೇಕು, ಬಚ್ಚಿಟ್ಟರೆ ಕೇಸು, ಜಾಮೀನೂ ಸಿಗುವುದಿಲ್ಲ ಎಂದು ಕೂಗಿದೆ. ಆಮೇಲೆ ನಮ್ಮ ನಾಯಿಯನ್ನು ಬಿಟ್ಟೆವು. ಪಾಪದ ನಾಯಿ ಮೊದಲ ಮನೆ ಮುಂದೆ ಕೂತಿತು, ಎರಡನೇ ಮನೆ ಮುಂದೆ ಕೂತಿತು, ಮೂರನೆಯದರ ಮುಂದೂ ಕೂತಿತು. ಸಿಡಿದ ವೈರಿನಲ್ಲೂ ಮದ್ದಿನ ವಾಸನೆ ಉಳಿದಿರುತ್ತದೆ. ಇಡೀ ಊರೇ ವಾಸನೆಯಾದಾಗ ನಾಯಿ ತಾನೆ ಏನು ಮಾಡೀತು. "ಇವತ್ತು ಇದು ಕೂತ್ಕಳಾದೇ ಕೆಲ್ಸ ಸಾ," ಎಂದ ನಾಯಿ ನೋಡಿಕೊಳ್ಳುವ ಪೇದೆ.

ನಾವು ಮನೆ ಮನೆ ಹತ್ತಿ ಇಳಿಯುವ ಹೊತ್ತಿಗೆ ಗೂಟಗಳು ಖಾಲಿಯಾಗಿದ್ದವು. ಬುಟ್ಟಿಗಳೂ ಇಲ್ಲ, ಕಂತೆಗಳೂ ಇಲ್ಲ. ನನ್ನ ಮೈಕಿನ ಸದ್ದು ಕೇಳಿಯೇ ಅವನ್ನೆಲ್ಲ ಅಟ್ಟಕ್ಕೋ ಹುಲ್ಲಿನ ಮೆದೆಗೋ ಸೌದೆ ಒಲೆಯ ಹಿಂದಕ್ಕೋ ತುರುಕಿದ್ದರು. ಕಣ್ಣಿಗೆ ಕಾಣುತ್ತಿದ್ದ ಅಪಾಯವನ್ನು ನಾನೇ ಕಾಣದ ಜಾಗಕ್ಕೆ ಓಡಿಸಿದ್ದೆ. ಕೇಳಿದರೆ ಒಂದೇ ಉತ್ತರ: "ನಮ್ಗೇನೂ ಗೊತ್ತಿಲ್ಲ ಸಾ."

ಮಾರನೆಯ ದಿನ ಕೊಳ್ಳೇಗಾಲಕ್ಕೆ ಒಬ್ಬ ರಾಯಭಾರಿ ಬರುವುದಿತ್ತು.

ಬಾಂಬ್ ನಿಷ್ಕ್ರಿಯಗೊಳಿಸುವ ಕೆಲಸದವರಿಗೆ ಒಂದು ಅಂತರರಾಷ್ಟ್ರೀಯ ವೃತ್ತಿ ಸಂಘವಿದೆ. ಇನ್‌ಸ್ಪೆಕ್ಟರ್ ಸಾಹೇಬರು ಅರ್ಜಿ ತುಂಬಿಸಿದ್ದರಿಂದ ನಾನೂ ಅದರ ಸದಸ್ಯ. ಆ ಸಂಘ ಒಂದೊಂದು ಪ್ರದೇಶಕ್ಕೆ ಒಬ್ಬೊಬ್ಬ ಗೌರವ ರಾಯಭಾರಿಯನ್ನು ನೇಮಿಸುತ್ತದೆ. ಸಂಬಳವಿಲ್ಲ, ಅಧಿಕಾರವಿಲ್ಲ. ಸದಸ್ಯರನ್ನು ಕಂಡು ಮಾತಾಡಿಸುವುದು, ಎಲ್ಲಿ ಏನು ತಪ್ಪಾಯಿತೆಂದು ಕೇಳಿ ಬರೆದುಕೊಳ್ಳುವುದು, ಹೆಸರು ಮುಚ್ಚಿಟ್ಟು ಆ ಪಾಠವನ್ನು ಬೇರೆ ದೇಶದವರಿಗೆ ತಲುಪಿಸುವುದು, ಇಷ್ಟೇ ಕೆಲಸ. ನಮ್ಮ ಭಾಗದ ರಾಯಭಾರಿ ನಮ್ಮ ದಳಕ್ಕೆ ಎರಡು ದಿನ ಪಾಠ ಹೇಳಲು ಬರುತ್ತಿದ್ದರು. ರಾಯಭಾರಿ ಎಂಬ ಪದ ಕೇಳಿ ಆಫೀಸುಗಳಲ್ಲಿ ಗಡಿಬಿಡಿಯೋ ಗಡಿಬಿಡಿ. ಕಾರಿಗೆ ಬಾವುಟ ಕಟ್ಟಬೇಕೇ ಎಂದು ಒಬ್ಬರು ನನಗೆ ಫೋನ್ ಮಾಡಿ ಕೇಳಿದರು. ನಾನು ಒಂದು ರೇಷ್ಮೆ ಶಾಲು, ಒಂದು ಹಾರ ಹಿಡಿದು ಕಾಯುತ್ತ, ಈ ಸಡಗರಕ್ಕೆ ಇದೇ ವಾರ ಸಿಕ್ಕಬೇಕಿತ್ತೇ ಎಂದು ಮನಸ್ಸಿನಲ್ಲೇ ಬಯ್ಯುತ್ತಿದ್ದೆ.

ರಾಯಭಾರಿ ಬೆಂಗಳೂರಿನ ಬಸ್ಸಿನಿಂದ ಇಳಿದರು. ಬೆನ್ನಿಗೊಂದು ಚೀಲ, ಹತ್ತಿಯ ಚೂಡಿದಾರ, ಕಾಲಿಗೆ ರಬ್ಬರ್ ಚಪ್ಪಲಿ, ಐವತ್ತರ ಆಸುಪಾಸಿನ ಹೆಣ್ಣುಮಗಳು. ಶ್ರೀಲಂಕಾದ ಉತ್ತರ ಭಾಗದವರು. ಯುದ್ಧ ಮುಗಿದ ಮೇಲೆ ಹೊಲಗದ್ದೆಗಳಲ್ಲಿ ಹೂತಿದ್ದ ನೆಲಬಾಂಬುಗಳನ್ನು ಮಂಡಿಯೂರಿ ಕೆದಕಿ ತೆಗೆಯುವ ಹೆಂಗಸರ ತಂಡದಲ್ಲಿ ಹದಿನಾಲ್ಕು ವರ್ಷ ದುಡಿದವರು. ನಮ್ಮ ಮನೆಯಲ್ಲಿ ಅಜ್ಜಿಯ ಕಾಲದಿಂದ ಅರ್ಧ ಮಾತು ತಮಿಳೇ ಆದ್ದರಿಂದ ನಮ್ಮಿಬ್ಬರ ಮಾತುಕತೆ ಅದರಲ್ಲೇ ನಡೆಯಿತು. ಅವರ ಮಾತನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಶಾಲು ಹೊದಿಸಿದೆ. ಅವರು ಅದನ್ನು ಕಣ್ಣಿಗೊತ್ತಿಕೊಂಡು, ಅಂಚಿನ ಜರಿಯನ್ನು ಬೆರಳಲ್ಲಿ ಸವರಿ ನೋಡಿ, ಜೋಪಾನವಾಗಿ ಮಡಿಸಿ ಚೀಲದೊಳಗಿಟ್ಟರು. "ಕೆಲಸದ ಜಾಗದಲ್ಲಿ ರೇಷ್ಮೆ ಬೇಡ. ಊರಿಗೆ ಹೋಗಿ ಹೊದೆಯುತ್ತೇನೆ," ಎಂದರು. ಒಣ ಹವೆಯಲ್ಲಿ ರೇಷ್ಮೆ, ನೈಲಾನ್ ಬಟ್ಟೆಗಳು ಮೈಗೆ ಉಜ್ಜಿ ಕಿಡಿ ಹುಟ್ಟುತ್ತದೆ, ಕೇಪಿಗೆ ಅಷ್ಟು ಸಾಕಾಗಬಹುದು. ನನಗೆ ಗೊತ್ತಿರಬೇಕಾದ ಮಾತೇ ಅದು. ಆದರೆ ಅವರು ಇಳಿದದ್ದು ಬಸ್‌ಸ್ಟ್ಯಾಂಡಿನಲ್ಲಿ. "ಕೆಲಸದ ಜಾಗ ಅಂತ ನಿಮಗೆ ಯಾರು ಹೇಳಿದ್ದು?" ಎಂದು ಕೇಳಿದೆ.

"ನಿಮ್ಮ ಮುಖ," ಎಂದರು.

ದಾರಿಯಲ್ಲಿ ಎಲ್ಲ ಹೇಳಿದೆ. ಮೈಕಿನ ವಿಷಯ ಬಿಟ್ಟು. ಕಾಮಗೆರೆ ದಾಟುವಾಗ ಅವರು ಕೇಳಿದರು: "ಕಂತೆಗಳು ಗೂಟದಿಂದ ಯಾವಾಗ ಮಾಯವಾದವು?" ನಾನು ಕಿಟಕಿಯಾಚೆ ನೋಡಿದೆ. ಡ್ರೈವರ್ ನನಗಿಂತ ಪ್ರಾಮಾಣಿಕ. "ನಮ್ಮ್ ಸಾಹೇಬ್ರು ಮೈಕಲ್ಲಿ ಕೂಗಿದ್ ಮ್ಯಾಕೆ ಮೇಡಂ," ಎಂದ. ಭಾಷೆ ಬಾರದಿದ್ದರೂ ಅವರಿಗೆ ಅರ್ಥವಾಯಿತು. ಬೈಯಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಒಂದು ಚಿಕ್ಕ ನೋಟ್‌ಬುಕ್ ತೆಗೆದು ಏನೋ ಬರೆದುಕೊಂಡರು. ಬೈದಿದ್ದರೆ ನಾನೂ ನಾಲ್ಕು ಮಾತು ಆಡಬಹುದಿತ್ತು.

ಹಳ್ಳಿಯಲ್ಲಿ ಅವರು ನೇರವಾಗಿ ಗಾಯಗೊಂಡ ಹೆಂಗಸಿನ ಓರಗಿತ್ತಿಯ ಜಗಲಿಯಲ್ಲಿ ಹೋಗಿ ಕೂತರು. ಇಬ್ಬರದೂ ಒಂದೇ ಮನೆ, ಅಣ್ಣತಮ್ಮಂದಿರ ಹೆಂಡಿರು. ಓರಗಿತ್ತಿ ತಮಿಳು ಸೀಮೆಯ ಹುಡುಗಿ, ಗಡಿಯಾಚೆಯಿಂದ ಮದುವೆಯಾಗಿ ಬಂದವಳು. ರಾಯಭಾರಿಯ ತಮಿಳು ಕೇಳಿ ಆಕೆ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. "ಪುಸ್ತಕ ಓದ್ದಂಗೆ ಮಾತಾಡ್ತಾರೆ ಸಾ ಇವ್ರು." ಒಬ್ಬಳು ನಕ್ಕದ್ದೇ ತಡ, ಅಕ್ಕಪಕ್ಕದವರೂ ಬಂದು ಕೂತರು. ರಾಯಭಾರಿ ಯಾರ ಬಳಿ ಏನಿದೆ ಎಂದು ಕೇಳಲೇ ಇಲ್ಲ. ಬುಟ್ಟಿಯ ತಳ ಹೇಗೆ ಕಟ್ಟುತ್ತೀರಿ, ಹಿಡಿ ಹೇಗೆ ತಿರುಗಿಸುತ್ತೀರಿ, ಯಾವ ವೈರು ಒಳ್ಳೆಯದು ಎಂದು ಕೇಳಿದರು. ಓರಗಿತ್ತಿ ಅತ್ತಿಂದಿತ್ತ ಮಾತು ತಿರುಗಿಸಿ ಹೇಳುತ್ತಿದ್ದಳು.

ಕೊನೆಯ ಪ್ರಶ್ನೆಗೆ ಒಬ್ಬ ಅಜ್ಜಿ ಉತ್ತರ ಕೊಟ್ಟರು. "ತುದೀಲಿ ಬೆಳ್ಳಿ ಕೊಳ್ವೆ ಇರಾದೆ ಒಳ್ಳೆ ವೈರು ಕಣವ್ವ. ಅದು ಕಿತ್ತೋಗಿರಾಕಿಲ್ಲ, ಉದ್ದಕ್ಕಿರ್ತದೆ, ಬಣ್ಣಾನೂ ಕೆಟ್ಟಿರಾಕಿಲ್ಲ. ಅದ್ನ ಮದ್ವೆ ಬುಟ್ಟಿಗೇ ಅಂತ ಎತ್ತಿಡ್ತೀವಿ."

ಸಿಡಿದ ವೈರು ತುಂಡಾಗಿರುತ್ತದೆ, ಸುಟ್ಟಿರುತ್ತದೆ. ಸಿಡಿಯದ್ದು ಹೊಸದರಂತೆ ಇರುತ್ತದೆ. ಹೆಣಿಗೆ ಬಲ್ಲವರ ಕಣ್ಣು ಇಡೀ ಕಲ್ಲುರಾಶಿಯಲ್ಲಿ ಹುಡುಕಿ ಹುಡುಕಿ, ಕೊಲ್ಲುವಂಥದ್ದನ್ನೇ ಆರಿಸಿ ಎತ್ತಿಟ್ಟಿತ್ತು. ಗಾಯಗೊಂಡಾಕೆಯೂ ಅಂಥ ಒಂದರ ಕೊಳವೆಯನ್ನು ಕಲ್ಲಿನಿಂದ ಜಜ್ಜಿ ಬಿಡಿಸಲು ಹೋಗಿದ್ದರು.

ರಾಯಭಾರಿ ಅವರಿಗೆ ಕೊಳವೆ ಏನೆಂದು ಬಿಡಿಸಿ ಹೇಳಿದರು. ಹೆಂಗಸರ ಮುಖ ಸಪ್ಪಗಾಯಿತು. ಆದರೂ ಎಲ್ಲಿದೆ ಎಂದು ಯಾರೂ ಹೇಳಲಿಲ್ಲ. ಹಿಂದೊಮ್ಮೆ ಹಂದಿಗೆ ಸಿಡಿಮದ್ದು ಇಟ್ಟಿದ್ದವನ ಜೊತೆ ಏನೂ ಅರಿಯದವನೊಬ್ಬನೂ ಜೈಲಿಗೆ ಹೋಗಿ ಬಂದದ್ದು ಊರಿನ ನೆನಪಿನಲ್ಲಿತ್ತು. ಬಾಯಿ ಬಿಟ್ಟವರು ಸಿಕ್ಕಿಬೀಳುತ್ತಾರೆ ಎಂಬುದು ಅವರ ಅನುಭವ.

ಅಲ್ಲಿಂದಲೇ ಇನ್‌ಸ್ಪೆಕ್ಟರ್ ಸಾಹೇಬರಿಗೆ ಫೋನ್ ಮಾಡಿದೆ. ನನ್ನ ಸೇವೆಯಲ್ಲಿ ಮೇಲಧಿಕಾರಿಯನ್ನು ಹಾಗೆ ಕೇಳಿಕೊಂಡದ್ದು ಅದೇ ಮೊದಲು. ವೈರು ತೋರಿಸಿದವರ ಮೇಲೆ ಕೇಸು ಬೇಡ, ಅವರನ್ನು ಸಾಕ್ಷಿಗಳೆಂದು ಬರೆದುಕೊಳ್ಳೋಣ, ಕೇಸು ಕ್ವಾರಿಯಲ್ಲಿ ಬಿಟ್ಟುಹೋದವನ ಮೇಲೆ ಹಾಕೋಣ ಎಂದೆ. "ನಿನ್ನೆ ಮೈಕಲ್ಲಿ ಜಾಮೀನೂ ಇಲ್ಲ ಅಂದೋರು ನೀವೇ ಅಲ್ವೇನ್ರೀ?" ಎಂದರು. ಹೌದು ಎಂದೆ. "ಆಯ್ತು. ನನ್ನ ಮಾತು ಅಂತ ಹೇಳಿ," ಎಂದರು.

ಹೇಳಿದೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ನಂಬಬೇಕೆಂಬ ಆಸೆಯಿದೆ, ಮೊದಲು ಬಾಯಿ ಬಿಡುವ ಧೈರ್ಯ ಯಾರಿಗೂ ಇಲ್ಲ. ಆಗ ನಾನೊಂದು ಉಪಾಯ ಹೇಳಿದೆ: ಬೆಳಿಗ್ಗೆ ಎಲ್ಲರೂ ಅಂಗಳಕ್ಕೆ ನೀರು ಹಾಕಿ ರಂಗೋಲಿ ಬಿಡುತ್ತೀರಲ್ಲ, ಕೊಳವೆ ಇದ್ದೀತೆಂಬ ಅನುಮಾನವಿರುವ ಮನೆಯವರು ನಾಳೆ ಬಿಡಬೇಡಿ, ನಮಗೆ ತಿಳಿಯುತ್ತದೆ. ಅಜ್ಜಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. "ಬರೀ ಬಾಗ್ಲು ಬುಟ್ರೆ ಆ ಮನೇಲಿ ಸಾವಾಗದೆ ಅಂತ ತಾನೆ. ಚೆಂದಾಗೇಳ್ತೀರಿ ಬುಡಿ." ಮೂತಿ ಸುಟ್ಟುಕೊಂಡಂತಾಯಿತು.

ರಾಯಭಾರಿಗೆ ನಗು ಬಂದರೂ ನಗಲಿಲ್ಲ. ಅವರ ಊರಿನಲ್ಲೂ ಬಾಗಿಲಿಗೆ ರಂಗೋಲಿ ಹಾಕುತ್ತಾರೆ, ಅದಕ್ಕೆ ಕೋಲಂ ಎನ್ನುತ್ತಾರೆ. "ಎಲ್ಲರೂ ಹಾಕಿ. ಇರುವವರು ಒಂದು ಎಳೆಯನ್ನು ಮಾತ್ರ ಹೊರಕ್ಕೆ ಬಾಲದಂತೆ ಬಿಡಿ. ವೈರು ಎಲ್ಲಿದೆಯೋ ಬಾಲ ಅತ್ತ ಕಡೆ ಇರಲಿ. ಯಾರೂ ಮುಟ್ಟಬೇಡಿ, ಯಾರೂ ಮಾತಾಡಬೇಡಿ," ಎಂದರು. ನಾಳೆ ಎಲ್ಲರೂ ಹತ್ತಿಯ ಸೀರೆಯನ್ನೇ ಉಡಬೇಕೆಂದೂ ಹೇಳಿದರು. ಹೆಂಗಸರು ಹೂಂ ಎನ್ನಲೂ ಇಲ್ಲ, ಇಲ್ಲವೆನ್ನಲೂ ಇಲ್ಲ.

ಬುಧವಾರ ಬೆಳಿಗ್ಗೆ ಆರೂವರೆಗೆ ನಾವು ಆ ಬೀದಿಯಲ್ಲಿ ನಡೆದೆವು. ಆ ನಡಿಗೆಯನ್ನು ನಾನು ಮರೆಯಲಾರೆ. ಅಂಗಳಗಳು ಇನ್ನೂ ಒದ್ದೆಯಾಗಿದ್ದವು. ಮೊದಲ ಮನೆಯದು ಸುಮ್ಮನೆ ರಂಗೋಲಿ. ಎರಡನೆಯದೂ ಹಾಗೆಯೇ. ಮೂರನೆಯದರಲ್ಲಿ ಎಂಟು ಎಳೆಯ ಕಮಲದಿಂದ ಒಂದು ಗೆರೆ ಹೊರಬಿದ್ದು ದನದ ಕೊಟ್ಟಿಗೆಯ ಕಡೆ ಹೋಗಿತ್ತು. ಮುಂದಿನದರಲ್ಲಿ ಬಾಲ ಅಟ್ಟದ ಏಣಿಯ ಕಡೆ. ಬೀದಿ ಮುಗಿಯುವ ಹೊತ್ತಿಗೆ ಒಂಬತ್ತು ಬಾಲ ಸಿಕ್ಕವು. ಇಪ್ಪತ್ತು ವರ್ಷದಲ್ಲಿ ನಾಯಿ, ಯಂತ್ರ, ಮಾಹಿತಿದಾರರು ಎಲ್ಲ ನೋಡಿದ್ದೇನೆ. ಇಷ್ಟು ನೆಟ್ಟಗೆ ಯಾರೂ ನನಗೆ ದಾರಿ ತೋರಿಸಿರಲಿಲ್ಲ.

ಜನರನ್ನೂ ದನಗಳನ್ನೂ ಊರಾಚೆಯ ಹುಣಸೆ ತೋಪಿಗೆ ಕಳಿಸಿದೆವು. ಫೋನು, ವಾಕಿಟಾಕಿ ಎಲ್ಲ ಆಫ್ ಮಾಡಿ ದೂರದಲ್ಲಿ ಇಟ್ಟೆವು. ನಮ್ಮಲ್ಲಿ ಒಳಗೆ ಹೋಗುವವನು ಒಬ್ಬನೇ, ಅದು ನಿಯಮ. ಅವನು ಕಂತೆಗೆ ಕೊಕ್ಕೆ ಸಿಕ್ಕಿಸಿ ಹೊರಗೆ ಬರುತ್ತಾನೆ. ಆಮೇಲೆ ರಾಟೆಯ ಮೇಲೆ ಹಗ್ಗ ಹಾಯಿಸಿ, ಮರಳಿನ ಮೂಟೆಗಳ ಮರೆಯಲ್ಲಿ ಮಲಗಿ, ದೂರದಿಂದ ಎಳೆಯುತ್ತೇವೆ. ಮೊದಲ ಮನೆಯೊಳಗೆ ಕಾಲಿಟ್ಟಾಗ ಹವೆ ಒಣಗಿ ಗರಿಗರಿ ಎನ್ನುತ್ತಿತ್ತು. ನನಗೆ ನಮ್ಮ ಮನೆಯ ಮಗ್ಗದ ಗುಂಡಿ ನೆನಪಾಯಿತು. ಒಣ ದಿನಗಳಲ್ಲಿ ರೇಷ್ಮೆ ಎಳೆ ಎಳೆಯನ್ನೇ ದೂಡಿಕೊಂಡು ಹಾರುತ್ತದೆ. ಅಪ್ಪ ನೆಲಕ್ಕೆ ನೀರು ಚಿಮುಕಿಸಿ, ಗೋಡೆಗೆ ಒದ್ದೆ ಗೋಣಿ ನೇತುಹಾಕಿ, ಎಳೆ ತಣ್ಣಗಾದ ಮೇಲೆಯೇ ಕೂರುತ್ತಿದ್ದರು. ಹೊರಗೆ ಬಂದು ಎರಡು ಬಿಂದಿಗೆ ನೀರು ತೆಗೆದುಕೊಂಡು ಹೋಗಿ ನೆಲವನ್ನು, ಬಾಗಿಲನ್ನು, ನನ್ನ ಕೈಕಾಲನ್ನು ಒದ್ದೆ ಮಾಡಿಕೊಂಡೆ. ಕಿಡಿ ಹುಟ್ಟದಿರಲು ತೇವಕ್ಕಿಂತ ಅಗ್ಗದ ಔಷಧಿ ಇಲ್ಲ.

ರಾಯಭಾರಿ ಹಗ್ಗದ ಗಡಿಯಾಚೆ ನಿಂತಿದ್ದರು. ಹದಿನಾಲ್ಕು ವರ್ಷ ಕೈಯಾರೆ ಬಾಂಬು ತೆಗೆದ ಆ ಹೆಣ್ಣುಮಗಳು ಅಷ್ಟು ಹೊತ್ತಿನಲ್ಲಿ ಒಮ್ಮೆಯೂ ಆ ಹಗ್ಗ ದಾಟಲಿಲ್ಲ. "ಈ ನೆಲದಲ್ಲಿ ನನಗೆ ಮುಟ್ಟುವ ಅಧಿಕಾರವಿಲ್ಲ. ನೋಡುವುದು ಮಾತ್ರ ನನ್ನ ಕೆಲಸ," ಎಂದು ಮೊದಲೇ ಹೇಳಿದ್ದರು. ಕೆಲಸ ಗೊತ್ತಿರುವವರಿಗೆ ಕೈ ಕಟ್ಟಿ ನಿಲ್ಲುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು. ಎರಡನೇ ಕಂತೆ ಹೊರಬಂದಾಗ ನೀರಿನ ಬಿಂದಿಗೆ ತೋರಿಸಿ, "ಇದು ಯಾವ ಪುಸ್ತಕದ್ದು?" ಎಂದು ಕೇಳಿದರು. ನಮ್ಮಪ್ಪನದು ಎಂದೆ. ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಎಂಟು ಮನೆಗಳಿಂದ ಮೂರು ಜೀವಂತ ಕೇಪು ಸಿಕ್ಕವು. ಒಂದಂತೂ ಒಲೆಯ ಹಿಂದಿನ ಗೂಡಿನಲ್ಲಿ, ಕೈ ಇಟ್ಟರೆ ಬಿಸಿ ತಾಕುವ ಜಾಗದಲ್ಲಿತ್ತು. ಅಲ್ಲಿಗೆ ಅದನ್ನು ತುರುಕಿಸಿದ್ದು ನನ್ನ ಮೈಕು. ಮೂರನ್ನೂ ಮರಳು ತುಂಬಿದ ಡ್ರಮ್ಮಿನಲ್ಲಿಟ್ಟು ಕ್ವಾರಿಯ ಗುಂಡಿಗೆ ಸಾಗಿಸಿ ಸಿಡಿಸಿದೆವು.

ಒಂಬತ್ತನೆಯದು ಓರಗಿತ್ತಿಯ ಮನೆ. ಅಲ್ಲಿನ ರಂಗೋಲಿಯ ಬಾಲ ಮನೆಯ ಕಡೆ ಇರಲೇ ಇಲ್ಲ. ಹೊಸಲಿಗೆ ಬೆನ್ನು ಹಾಕಿ ರಸ್ತೆಯ ಕಡೆ ಹೋಗಿತ್ತು. ನಾನು ಒಳಗೆಲ್ಲ ಹುಡುಕಿದೆ, ಏನೂ ಸಿಗಲಿಲ್ಲ. ಗಡಿಬಿಡಿಯಲ್ಲಿ ಗೆರೆ ತಪ್ಪಿರಬೇಕೆಂದು ಹೊರಗೆ ಬಂದು ಹೇಳಿದೆ. ರಾಯಭಾರಿ ತಲೆಯಾಡಿಸಿದರು. "ದಿನಾ ಹಾಕುವ ಕೈ ತಪ್ಪುವುದಿಲ್ಲ. ಅದು ರಸ್ತೆ ಹಿಡಿದು ಹೋಗಿದೆ."

ತೋಪಿನಲ್ಲಿ ಓರಗಿತ್ತಿ ನಮ್ಮನ್ನು ಕಂಡ ಕೂಡಲೇ ತಲೆ ತಗ್ಗಿಸಿದಳು. ರಾಯಭಾರಿ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತರು, ಏನೂ ಕೇಳಲಿಲ್ಲ. ಆಕೆಯೇ ಶುರು ಮಾಡಿದಳು. ಗಾಯಗೊಂಡ ಅಕ್ಕನ ಮಗಳನ್ನು ಯಳಂದೂರಿನ ಹತ್ತಿರ ಮಾಂಬಳ್ಳಿಗೆ ಕೊಟ್ಟಿದೆ. ಸೋಮವಾರ ಆಸ್ಪತ್ರೆಯಲ್ಲಿ ತಾಯಿಯನ್ನು ನೋಡಿ ಮನೆಗೂ ಬಂದಿದ್ದ ಆ ಮಗಳು ನನ್ನ ಮೈಕಿನ ಕೂಗು ಕೇಳಿ, ತಾಯಿ ತನಗೆಂದು ಹೆಣೆದಿಟ್ಟಿದ್ದ ಬುಟ್ಟಿಯನ್ನು ಪೊಲೀಸರು ಒಯ್ಯುತ್ತಾರೆಂದು ಹೆದರಿ, ಜೊತೆಯಲ್ಲೇ ತೆಗೆದುಕೊಂಡು ಹೋಗಿದ್ದಳು. ಹನೂರಿನಿಂದ ತುಂಬಿದ ಬಸ್ಸಿನಲ್ಲಿ, ತೊಡೆಯ ಮೇಲೆ ಇಟ್ಟುಕೊಂಡು.

"ಕೊಳವೆ ಇದೆಯಾ ಅದರಲ್ಲಿ?" ಎಂದೆ.

"ಹಿಡೀಗೆ ನಾಕು ಗೆಜ್ಜೆ ತರ ಬುಟ್ಟವ್ಳೆ ಅಕ್ಕ. ಜಜ್ಜಿದ್ರೆ ತಾನೆ ಸಾ ಸಿಡಿಯಾದು?" ಎಂದು ನನ್ನ ಮುಖ ನೋಡಿದಳು. ಆಮೇಲೆ ಇನ್ನೊಂದು ಮಾತು ಸೇರಿಸಿದಳು. "ಬೆಳಗ್ಗೆ ಫೋನ್ ಮಾಡಿದ್ಲು. ಬುಟ್ಟೀನ ಚಾರ್ಜರ್ ಪಕ್ಕ ಮೊಳೆಗ್ ನೇತಾಕಿವ್ನಿ ಚಿಕ್ಕವ್ವ, ಫೋನ್ ಇಡಾಕೆ ಸರ್ಯಾಯ್ತು ಅಂದ್ಲು."

ತೋಪಿಗೆ ಬರುವಾಗ ವಾಪಸ್ ಪಡೆದಿದ್ದ ನನ್ನ ಫೋನನ್ನು ಜೇಬಿನಿಂದ ಅರ್ಧ ತೆಗೆದು ಮತ್ತೆ ಒಳಗೆ ಹಾಕಿದೆ. ಆ ಹುಡುಗಿಗೆ ಫೋನ್ ಮಾಡುವಂತಿಲ್ಲ. ಮೊಬೈಲ್ ರಿಂಗಾದರೆ ಪಕ್ಕದ ಕೇಪು ಸಿಡಿಯುವ ಸಾಧ್ಯತೆ ಕಡಿಮೆ. ಆದರೆ ರಿಂಗಾದ ಕೂಡಲೇ ಅವಳು ಓಡಿಬಂದು ಬುಟ್ಟಿಗೆ ಕೈ ಹಾಕುತ್ತಾಳೆ, ಚಾರ್ಜರಿನ ವೈರು ಎಳೆಯುತ್ತಾಳೆ, ನಾಲ್ಕು ಕೇಪು ಗೋಡೆಗೆ ಬಡಿಯುತ್ತವೆ. ದಿನಾ ಒಂದು ಗಂಟೆಗೆ ಅವಳ ಗಂಡ ಕೊಳ್ಳೇಗಾಲದಿಂದ ಫೋನ್ ಮಾಡುತ್ತಾನಂತೆ. ಅವನಿಗೆ ಅಲ್ಲಿ ಗೂಡ್ಸ್ ಆಟೋ. ಆಗ ಗಂಟೆ ಹನ್ನೊಂದಾಗಿತ್ತು.

ಗಂಡನ ನಂಬರ್ ಪಡೆದೆ. ಇವತ್ತು ಹೆಂಡತಿಗೆ ಫೋನ್ ಮಾಡಬೇಡಪ್ಪ ಎಂದು ಹೇಳಿಬಿಡುತ್ತೇನೆಂದೆ. ರಾಯಭಾರಿ ನನ್ನ ಮೊಣಕೈ ಹಿಡಿದರು. "ಮಾಡಬೇಡ ಅಂದರೆ ಆ ಕ್ಷಣವೇ ಮಾಡುತ್ತಾನೆ. ಸೋಮವಾರ ಬೇಡ ಅಂದದ್ದಕ್ಕೆ ಏನಾಯಿತು? ಅವನಿಗೊಂದು ಕೆಲಸ ಕೊಡಿ."

ಸಿಟ್ಟು ಬಂತು. ಸರಿಯಾದ ಮಾತು ಕೇಳಿದಾಗ ನನಗೆ ಮೊದಲು ಬರುವುದು ಸಿಟ್ಟೇ. ಅದನ್ನು ನುಂಗಿಕೊಂಡು, ಗಂಡನಿಗೆ ಫೋನ್ ಮಾಡಿ, ಮಾಂಬಳ್ಳಿಯಲ್ಲಿ ಒಂದು ಸಣ್ಣ ಕೆಲಸವಿದೆ, ದಾರಿ ತೋರಿಸಲು ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನಲ್ಲಿ ನಿಂತಿರು ಎಂದೆ. ಯಳಂದೂರು ಠಾಣೆಗೆ ಫೋನ್ ಮಾಡಿ, ಒಬ್ಬ ಪೇದೆ ಫೋನ್ ಆಫ್ ಮಾಡಿಕೊಂಡು ನಡೆದು ಹೋಗಿ ಆ ಮನೆಯವರನ್ನು ಮಾತಾಡಿಸುವ ನೆಪದಲ್ಲಿ ಹೊರಗೆ ಕರೆಯಬೇಕು, ಲೈನ್‌ಮನ್ ಕಂಬದಲ್ಲೇ ಫ್ಯೂಸ್ ತೆಗೆಯಬೇಕು ಎಂದು ಎರಡೆರಡು ಸಲ ಹೇಳಿದೆ. ಹುಡುಗಿಯ ಗಂಡ ಕೊಳ್ಳೇಗಾಲದಲ್ಲಿ ನಮ್ಮ ದಳದ ವ್ಯಾನು ಹತ್ತಿದ. ಅವನ ಫೋನು ಇಸಿದುಕೊಂಡು ಆಫ್ ಮಾಡಿದ ಮೇಲೆಯೇ ಎಲ್ಲ ತಿಳಿಸಿದೆ. ಅವನು ಮಾಂಬಳ್ಳಿ ಬರುವವರೆಗೆ ಮುಂದಿನ ಸೀಟಿನ ಕಂಬಿ ಬಿಡಲಿಲ್ಲ.

ಹುಡುಗಿಯೂ ಅವಳ ಅತ್ತೆಯೂ ಬೀದಿಯ ಕೊನೆಯ ಬೇವಿನ ಮರದ ಕೆಳಗೆ ಪೇದೆಯ ಜೊತೆ ಕೂತಿದ್ದರು. ಹುಡುಗಿಗೆ ಏಳು ತಿಂಗಳು. ಅದನ್ನು ನಮಗೆ ಯಾರೂ ಹೇಳಿರಲಿಲ್ಲ. ಅವಳನ್ನು ನೋಡಿದ ಮೇಲೆ ಆ ಮನೆಯ ಬಾಗಿಲವರೆಗಿನ ದಾರಿ ಉದ್ದವಾಯಿತು. ಒಬ್ಬನೇ ನಡೆಯುವಾಗ ಎಲ್ಲರಿಗೂ ಭಯವಾಗುತ್ತದೆ, ನನಗೂ ಆಯಿತು.

ಬುಟ್ಟಿ ಅಡುಗೆಮನೆಯ ಗೋಡೆಯಲ್ಲಿತ್ತು. ಕೆಂಪು, ಹಳದಿ, ನೀಲಿ ಎಳೆಗಳನ್ನು ನಮ್ಮ ಸೀರೆಯ ಅಂಚಿನ ಹಾಗೆ ಕೂಡಿಸಿ ಹೆಣೆದಿದ್ದರು. ಹಿಡಿಯಿಂದ ನಾಲ್ಕು ಬೆಳ್ಳಿ ಕೊಳವೆಗಳು ತೂಗುತ್ತಿದ್ದವು. ಒಳಗೆ ಫೋನು, ಅದಕ್ಕೆ ಸಿಕ್ಕಿಸಿದ ಚಾರ್ಜರು. ನೆಲಕ್ಕೆ, ಗೋಡೆಗೆ ನೀರು ಹಾಕಿದೆ. ಕೈ ಒದ್ದೆ ಮಾಡಿಕೊಂಡು ಚಾರ್ಜರಿನ ವೈರನ್ನು ಕತ್ತರಿಸಿ, ಹಿಡಿಗೆ ಕೊಕ್ಕೆ ಹಾಕಿ, ಹಗ್ಗವನ್ನು ಹಿತ್ತಿಲ ಕಿಟಕಿಯಿಂದ ಹೊರಗೆ ಹಾಯಿಸಿ, ಗೋಡೆಯಾಚೆ ಮಲಗಿ ಎಳೆಯತೊಡಗಿದೆ. ಬುಟ್ಟಿ ಮೊಳೆಯಿಂದ ಎದ್ದು ಹಗ್ಗದ ಮೇಲೆ ಕಿಟಕಿಯವರೆಗೆ ಬಂದಾಗ ಫೋನು ರಿಂಗಾಯಿತು.

ಹಗ್ಗ ಹಾಗೆಯೇ ಹಿಡಿದು ಮಲಗಿದೆ. ಪೂರ್ತಿ ಹಾಡು ಮುಗಿಯುವವರೆಗೆ ಅದು ಬಡಿದುಕೊಂಡಿತು. ಏನೂ ಆಗಲಿಲ್ಲ. ಆಗುವ ಸಾಧ್ಯತೆ ಕಡಿಮೆಯೆಂದು ನಮ್ಮ ಪುಸ್ತಕದಲ್ಲೂ ಬರೆದಿದೆ. ಪುಸ್ತಕ ಬರೆದವನು ಆ ಕಿಟಕಿಯ ಕೆಳಗೆ ಮಲಗಿರಲಿಲ್ಲ. ಆಮೇಲೆ ಗೊತ್ತಾಯಿತು, ಮಗಳ ಚಿಂತೆ ಹತ್ತಿ ತಾಯಿಯೇ ಆಸ್ಪತ್ರೆಯಲ್ಲಿ ಯಾರದೋ ಫೋನ್ ಇಸಿದುಕೊಂಡು ಮಾಡಿದ್ದರು.

ಊರಾಚೆಯ ಪಾಳು ಹೊಲದಲ್ಲಿ ಗುಂಡಿ ತೋಡಿದೆವು. ಉದ್ದ ಹಿಡಿಯ ಚಿಮಟದಿಂದ ಫೋನನ್ನು ಮಾತ್ರ ಎತ್ತಿ, ಬುಟ್ಟಿಯನ್ನು ಕೇಪುಗಳ ಸಮೇತ ಸಿಡಿಸಿದೆವು. ಸದ್ದು ಅಡಗಿದ ಮೇಲೆ ಹುಡುಗಿ ಅತ್ತಳು. "ನಮ್ಮವ್ವ ಮೂರು ತಿಂಗ್ಳು ಕೂತು ಹೆಣೆದಿದ್ದು ಸಾ ಅದು." ಅವಳ ದುಃಖ ನನಗೆ ಚೆನ್ನಾಗಿ ಅರ್ಥವಾಯಿತು. ಹಾಗೆ ಹೆಣೆದದ್ದನ್ನು ಸಿಡಿಸುವುದು ನೇಕಾರರ ಮಗನಿಗೆ ಸುಲಭವಲ್ಲ.

ಸಂಜೆ ಎಲ್ಲರೂ ಕಾಮಗೆರೆಯ ಆಸ್ಪತ್ರೆಗೆ ಹೋದೆವು. ಮಗಳನ್ನು ಕಂಡು ತಾಯಿ ಎದ್ದು ಕೂತರು. ಎಡಗೈಯಿಂದ ಅವಳ ಕೆನ್ನೆ, ತೋಳು, ಹೊಟ್ಟೆ ಮುಟ್ಟಿ ನೋಡಿದರು. ಆಗ ರಾಯಭಾರಿ, ತಮ್ಮ ತಂಡದಲ್ಲಿ ದಿನದ ಕೆಲಸ ಮುಗಿದ ಮೇಲೆ ಒಂದು ರೂಢಿಯಿದೆ ಎಂದರು. ಎಲ್ಲರೂ ಕೈ ಚಾಚಿ ಬೆರಳು ತೋರಿಸಿ ಎಷ್ಟೆಂದು ಬಾಯಿಬಿಟ್ಟು ಹೇಳಬೇಕು, ಎಣಿಕೆ ಮುಗಿಯದೆ ಯಾರೂ ಮನೆಗೆ ಹೋಗುವುದಿಲ್ಲ. ಅವರೇ ಮೊದಲು ಕೈ ಚಾಚಿ ಹತ್ತು ಎಂದರು. ನಾನು ಹತ್ತು ಎಂದೆ. ಡ್ರೈವರ್ ಹತ್ತು, ಅಳಿಯ ಹತ್ತು, ಮಗಳು ಹತ್ತು. ತಾಯಿ ಬ್ಯಾಂಡೇಜಿನ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು. ರಾಯಭಾರಿ ಕಾದರು. ನನಗೆ ಎದ್ದು ಹೊರಗೆ ಹೋಗಿಬಿಡೋಣ ಎನಿಸಿತು. ಬಹಳ ಹೊತ್ತಿನ ಮೇಲೆ ಆಕೆ ಎರಡೂ ಕೈ ಚಾಚಿದರು.

"ಎಂಟೂವರೆ," ಎಂದರು.

ರಾಯಭಾರಿ ನೋಟ್‌ಬುಕ್ಕಿನಲ್ಲಿ ಹತ್ತು, ಹತ್ತು, ಹತ್ತು ಎಂದು ಬರೆದ ಸಾಲಿನಲ್ಲೇ ಎಂಟೂವರೆ ಎಂದೂ ಬರೆದು ಆಕೆಗೆ ತೋರಿಸಿದರು. ಆ ಪುಟವನ್ನು ಆಕೆ ಬಹಳ ಹೊತ್ತು ನೋಡಿದರು.

ಮಾರನೆಯ ದಿನ ರಾಯಭಾರಿ ನಮ್ಮ ದಳಕ್ಕೆ ಅರ್ಧ ದಿನ ಪಾಠ ಹೇಳಿ ಬಸ್ಸು ಹತ್ತಿದರು. ಹೋಗುವ ಮುಂಚೆ ನನಗೊಂದು ಖಾಲಿ ಹಾಳೆ ಕೊಟ್ಟರು. "ನಿಮ್ಮ ತಪ್ಪನ್ನು ನೀವೇ ಬರೆದು ಕಳಿಸಿ. ಬೇರೆ ಊರಿನಲ್ಲಿ ಇನ್ಯಾರೋ ಮೈಕ್ ಹಿಡಿದಿರುತ್ತಾರೆ." ಎರಡು ತಿಂಗಳು ಆ ಹಾಳೆ ನನ್ನ ಮೇಜಿನ ಮೇಲೆ ಖಾಲಿ ಬಿದ್ದಿತ್ತು. ಕೊನೆಗೆ ಒಂದು ಭಾನುವಾರ ಕೂತು ಬರೆದೆ. ಮುಂದಿನ ವರ್ಷ ಸಂಘದಿಂದ ನನಗೂ ಒಂದು ಪುಟದ ಪತ್ರ ಬಂತು, ಈ ಭಾಗದ ಗೌರವ ರಾಯಭಾರಿಯಾಗಿ ಕೆಲಸ ಮಾಡುತ್ತೀರಾ ಎಂದು. ಅವರೇ ನನ್ನ ಹೆಸರು ಹೇಳಿದ್ದರು, ಆ ಹಾಳೆಯನ್ನೇ ನನ್ನ ಅರ್ಹತೆಯೆಂದು ಲಗತ್ತಿಸಿದ್ದರು. ನನ್ನ ಸೇವೆಯಲ್ಲಿ ಬಂದ ಯಾವ ಪದಕವೂ ನನಗೆ ಅಷ್ಟು ಸಂತೋಷ ಕೊಟ್ಟಿಲ್ಲ.

ಈಗ ರಜೆಯ ದಿನಗಳಲ್ಲಿ ಕ್ವಾರಿ ಇರುವ ಹಳ್ಳಿಗಳಿಗೆ ಹೋಗುತ್ತೇನೆ. ಜೊತೆಗೆ ಆ ತಾಯಿಯೂ ಬರುತ್ತಾರೆ. ಅಂಗಡಿಯಲ್ಲಿ ಕೊಂಡ ಪ್ಲಾಸ್ಟಿಕ್ ವೈರಿನಲ್ಲಿ ಹೆಣೆದ ಬುಟ್ಟಿಯೊಂದು ಅವರ ತೋಳಿನಲ್ಲಿರುತ್ತದೆ. ಮೂರೂವರೆ ಬೆರಳಿನ ಕೈಯಲ್ಲಿ ಹೆಣೆಯಲು ಅವರು ಒಂದು ವರ್ಷ ಹೆಣಗಿ ಕಲಿತಿದ್ದಾರೆ. ಹೋದ ತಿಂಗಳು ಒಂದು ಊರಿನಲ್ಲಿ ಹೆಂಗಸರೆಲ್ಲ ಸೇರಿದ ಮೇಲೆ, ಹಳೆಯ ಅಭ್ಯಾಸಬಲದಿಂದ ನಾನು ಪಂಚಾಯಿತಿಯವರ ಮೈಕಿಗೆ ಕೈ ಹಾಕಿದೆ.

"ಮೈಕ್ ನಿಮ್ ಕೈಗ್ ಬ್ಯಾಡ ಸಾ. ಇಲ್ಲಿ ಕೊಡಿ," ಎಂದರು.

ಕೊಟ್ಟೆ. ಅವರು ಅದನ್ನು ಆಫ್ ಮಾಡಿ ಜಗಲಿಯ ಮೇಲಿಟ್ಟು, ಹೆಂಗಸರ ನಡುವೆ ಹೋಗಿ ಕೂತು, ಎರಡೂ ಕೈ ಚಾಚಿದರು. "ಮೊದ್ಲು ನಂದು ಎಣಿಸ್ರವ್ವ," ಎಂದರು.